ಸೀನಿಯರ್ ಲಿವಿಂಗ್ ಆಯ್ಕೆ: ಮನೆ ನೋಡುವ ಮೊದಲು ಕ್ಲಾಸು ನೋಡಿ

ಬೆಂಗಳೂರಿನ ಸುತ್ತ ಹಿರಿಯರಿಗಾಗಿಯೇ ಕಟ್ಟಿದ ವಸತಿಗಳು ಈಗ ಎಲ್ಲ ದಿಕ್ಕಿಗೂ ಇವೆ. ಕನಕಪುರ ರಸ್ತೆ, ಸರ್ಜಾಪುರ, ವೈಟ್‌ಫೀಲ್ಡ್, ದೇವನಹಳ್ಳಿ. ಬ್ರೋಷರ್ ತೆರೆದರೆ ಎಲ್ಲದರಲ್ಲೂ ಒಂದೇ ಫೋಟೋ: ಹುಲ್ಲುಹಾಸು, ಯೋಗ ಮ್ಯಾಟು, ನಗುತ್ತಿರುವ ನಾಲ್ಕು ಜನ. ಕೆಳಗೆ ಯೋಗ, ಧ್ಯಾನ, ಸಂಗೀತ, ಚಿತ್ರಕಲೆ, ಕಂಪ್ಯೂಟರ್ ಅಂತ ಉದ್ದ ಪಟ್ಟಿ. ಪಟ್ಟಿ ಇಟ್ಟುಕೊಂಡು ಹೋಲಿಸಲು ಕೂತರೆ ಯಾವುದಕ್ಕೂ ಯಾವುದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಜಾಗ ನೋಡಲು ಹೋದವರು ಸಾಮಾನ್ಯವಾಗಿ ಬಾತ್‌ರೂಮಿನ ಹಿಡಿಕೆ, ಲಿಫ್ಟಿನ ಅಗಲ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳುತ್ತಾರೆ. ಕೇಳಲೇಬೇಕು. ಆದರೆ ಅವೆಲ್ಲ ಕಣ್ಣಿಗೆ ಕಾಣುವ ವಿಷಯ, ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ ಅಲ್ಲಿನ ಜನ ಏನು ಮಾಡುತ್ತಾರೆ ಅನ್ನುವುದು ಮಾತ್ರ ಸುಲಭಕ್ಕೆ ಕಾಣುವುದಿಲ್ಲ. ಅತ್ತೆ ಮಾವನಿಗೆ ಜಾಗ ಹುಡುಕಿದ ಮೇಲೆ ನೆಂಟರಿಷ್ಟರು ನನ್ನನ್ನು ಕೇಳುವುದೂ ಇದನ್ನೇ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕಳೆದ ತಿಂಗಳ ಕ್ಯಾಲೆಂಡರ್ ಕೇಳಿ

ಮುಂದಿನ ತಿಂಗಳ ಆಕ್ಟಿವಿಟಿ ಕ್ಯಾಲೆಂಡರ್ ಯಾರು ಬೇಕಾದರೂ ಚೆಂದವಾಗಿ ಬರೆಯಬಹುದು. ಕಳೆದ ತಿಂಗಳದ್ದು ಕೇಳಿ. ಹಾಜರಿ ಪುಸ್ತಕ ಇದೆಯಾ ಅಂತಲೂ ಕೇಳಿ. ಆಮೇಲೆ ಒಂದು ಪೆನ್ನು ಹಿಡಿದು ಹಬ್ಬ, ಹುಟ್ಟುಹಬ್ಬ, ತಂಬೋಲ, ಸಿನಿಮಾ, ಬಿಪಿ-ಶುಗರ್ ಕ್ಯಾಂಪು ಇವನ್ನೆಲ್ಲ ಹೊಡೆದುಹಾಕಿ. ಇವು ಬೇಡ ಅಂತಲ್ಲ. ತಂಬೋಲದ ದಿನ ನಮ್ಮತ್ತೆಗೆ ಬೇರೆ ಯಾವ ಕೆಲಸವೂ ಇರುವುದಿಲ್ಲ. ಆದರೆ ಅದು ಕಾಲಕ್ಷೇಪ. ಉಳಿದದ್ದರಲ್ಲಿ ಈ ವಾರದ ಪಾಠ ಹೋದ ವಾರದ ಪಾಠದ ಮೇಲೆ ನಿಂತಿದೆಯಾ ನೋಡಿ. ಹಾಗಿದ್ದರೆ ಮಾತ್ರ ಅದನ್ನು ಕ್ಲಾಸು ಅನ್ನಬಹುದು. ಹೋಂವರ್ಕ್ ಕೊಡುತ್ತಾರೆ ಅಂದರೆ ಇನ್ನೂ ಒಳ್ಳೆಯದು.

ಕಲಿಸುವವರು ಸಿಕ್ಕರೆ ಕೇಳಬೇಕಾದ ಪ್ರಶ್ನೆ ಒಂದೇ: ಎಂಟನೇ ವಾರ ಏನು ಕಲಿಸುತ್ತೀರಿ? ಥಟ್ಟನೆ ಉತ್ತರ ಬಂದರೆ ಅವರ ತಲೆಯಲ್ಲಿ ಒಂದು ದಾರಿ ಇದೆ ಎಂದರ್ಥ. ನಾನು ನೋಡಿದ ಒಂದು ಕಡೆ ಹಾಡುಗಾರಿಕೆ ಕ್ಲಾಸು ತಪ್ಪದೆ ನಡೆಯುತ್ತಿತ್ತು. ಆದರೆ ಪ್ರತಿ ಸಲ ಹೊಸಬರು ಒಬ್ಬರು ಬಂದು ಸೇರುತ್ತಿದ್ದರು. ಅವರಿಗೆ ಬೇಜಾರಾಗಬಾರದು ಎಂದು ಮೇಡಂ ಮತ್ತೆ ಮೊದಲ ಪಾಠವಾದ ಸರಳೆ ವರಸೆಯಿಂದ ಶುರು ಮಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ತಾತ ಒಬ್ಬರು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ವರ್ಷವಿಡೀ ಆರಂಭದ ಪಾಠಗಳ ರಾಗ ಮಾಯಾಮಾಳವಗೌಳದಲ್ಲೇ ಕಳೆದಿದ್ದರು, ಪಾಪ. ಆಮೇಲಿನ ಪಾಠವಾದ ಅಲಂಕಾರದವರೆಗೂ ಬಂದಿರಲಿಲ್ಲ. ಹೊಸಬರಿಗೆ ಬೇರೆ ಬ್ಯಾಚ್ ಮಾಡುತ್ತಾರಾ ಎಂದು ಕೇಳಲು ನನಗೆ ಹೊಳೆದದ್ದು ಅವರನ್ನು ನೋಡಿ.

ಇನ್ನೊಂದು ಕೆಲಸ ಮಾಡಿ. ಭಾನುವಾರ ಹೋಗಬೇಡಿ. ಭಾನುವಾರ ಮಕ್ಕಳು ಮೊಮ್ಮಕ್ಕಳು ಬಂದು ಎಲ್ಲ ಕಡೆಯೂ ಕಳೆಕಳೆಯಾಗಿರುತ್ತದೆ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಹತ್ತೂವರೆಗೆ ಹೋಗಿ, ಕ್ಯಾಲೆಂಡರಿನಲ್ಲಿ ಆ ಹೊತ್ತಿಗೆ ಏನು ಬರೆದಿದೆಯೋ ಆ ರೂಮಿಗೆ ಕರೆದುಕೊಂಡು ಹೋಗಲು ಹೇಳಿ. ಒಂದು ಜಾಗದಲ್ಲಿ ನಮಗೆ ಪೇಂಟಿಂಗ್ ರೂಮು ತೋರಿಸಿದಾಗ ಒಳಗೆ ನೀರಿನ ಬಾಟಲಿಯ ಡಬ್ಬಗಳನ್ನು ಒಟ್ಟಿದ್ದರು. ಟೀಚರ್ ದೀಪಾವಳಿಗೆ ಬಿಟ್ಟು ಹೋದರು, ಹೊಸಬರು ಬರುತ್ತಾರೆ ಎಂದರು. ನಾವು ಹೋಗಿದ್ದು ಯುಗಾದಿ ಹತ್ತಿರ.

ಮೈಗೆ: ಯೋಗ ಒಂದೇ ಸಾಕಾ?

ಎಲ್ಲ ಕಡೆ ಯೋಗ ಇದ್ದೇ ಇರುತ್ತದೆ. ನಮ್ಮೂರಲ್ಲಿ ಯೋಗ ಕಲಿಸುವವರಿಗೆ ಬರವಿಲ್ಲ. ಜಿಗಣಿ ಹತ್ತಿರ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯವೇ ಇದೆ. ನಿಮ್ಹಾನ್ಸ್‌ನಲ್ಲೂ ಯೋಗದ ವಿಭಾಗವಿದೆ. ಆದರೆ ಎಪ್ಪತ್ತು ದಾಟಿದವರಿಗೆ ದೊಡ್ಡ ಭಯ ಬೀಳುವುದು. ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡಲು ಎಷ್ಟೋ ಜನರಿಗೆ ಆಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಏನೆಂದರೆ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡಬೇಕು. ಅದರ ಜೊತೆಗೆ ಕನಿಷ್ಠ ಮೂರು ದಿನ ಬ್ಯಾಲೆನ್ಸ್ ಮತ್ತು ಶಕ್ತಿ ಎರಡಕ್ಕೂ ಒತ್ತು ಕೊಡುವ ಕಸರತ್ತು ಇರಬೇಕು. ಈ ಮೂರು ದಿನದ ಭಾಗ ನಮ್ಮ ಬ್ರೋಷರುಗಳಲ್ಲಿ ಅಪರೂಪ.

ಆದ್ದರಿಂದ ಒಂದೇ ಒಂದು ಕ್ಲಾಸು ಆರಿಸಿ ಅಂದರೆ ನಾನು ಫಿಸಿಯೋಥೆರಪಿಸ್ಟ್ ನಡೆಸುವ ಬ್ಯಾಲೆನ್ಸ್-ಶಕ್ತಿ ಕ್ಲಾಸನ್ನೇ ಆರಿಸುತ್ತೇನೆ. ಕುರ್ಚಿಯಿಂದ ಕೈ ಊರದೆ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯುವುದು, ರಬ್ಬರ್ ಪಟ್ಟಿ ಎಳೆಯುವುದು. ನೋಡಲು ಬಹಳ ಸಪ್ಪೆ. ಫೋಟೋದಲ್ಲಂತೂ ಚೆನ್ನಾಗಿ ಬರುವುದೇ ಇಲ್ಲ. ಆದರೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯ ಲೆಕ್ಕದಲ್ಲಿ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23% ಇಳಿಯುತ್ತದೆ. ಬ್ಯಾಲೆನ್ಸ್ ಮತ್ತು ಶಕ್ತಿಯ ಕಸರತ್ತು ಎರಡೂ ಸೇರಿದರೆ ಲಾಭ ಇನ್ನೂ ಜಾಸ್ತಿ. ತಾಯ್ ಚಿ ಕೂಡ ಬೀಳುವುದನ್ನು ಕಡಿಮೆ ಮಾಡುತ್ತದೆ. ಕಲಿಸುವವರು ಸಿಕ್ಕರೆ ಬಿಡಬೇಡಿ.

ಯೋಗವನ್ನೇ ಇಷ್ಟಪಡುವವರು ಕುರ್ಚಿ, ಗೋಡೆ, ಬೆಲ್ಟು ಬಳಸಿ ಕಲಿಸುವ ಕಡೆ ಹೋಗಿ. ಅಯ್ಯಂಗಾರ್ ಪದ್ಧತಿಯಲ್ಲಿ ಇವೆಲ್ಲ ಮೊದಲಿಂದಲೂ ಇವೆ. ಮೊದಲ ದಿನವೇ ಟೀಚರ್ ಕೆಲವು ಪ್ರಶ್ನೆ ಕೇಳಬೇಕು. ಗ್ಲಾಕೋಮಾ ಇದೆಯಾ? ಇದ್ದರೆ ತಲೆ ಕೆಳಗಾಗುವ ಆಸನ ಬೇಡ. ಮೂಳೆ ಟೊಳ್ಳಾಗಿದೆಯಾ (ಆಸ್ಟಿಯೊಪೊರೋಸಿಸ್)? ಹಾಗಾದರೆ ಬೆನ್ನು ಬಾಗಿಸಿ ಪಾದ ಮುಟ್ಟುವ ಆಸೆ ಬಿಡಿ. ಬಿಪಿ ಹಿಡಿತದಲ್ಲಿ ಇಲ್ಲದವರಿಗೆ ಜೋರಾಗಿ ಕಪಾಲಭಾತಿ, ಉಸಿರು ಕಟ್ಟಿ ಹಿಡಿಯುವ ಕುಂಭಕ ಒಳ್ಳೆಯದಲ್ಲ. ಮಂಡಿ ಬದಲಿಸಿಕೊಂಡವರು ಡಾಕ್ಟರನ್ನು ಕೇಳದೆ ವಜ್ರಾಸನಕ್ಕೆ ಕೂರಬಾರದು. ಇದೊಂದನ್ನೂ ಕೇಳದೆ ಎಲ್ಲರಿಗೂ ಒಟ್ಟಿಗೆ ಸೂರ್ಯನಮಸ್ಕಾರ ಮಾಡಿಸುವವರು ಎಷ್ಟು ದೊಡ್ಡ ಸರ್ಟಿಫಿಕೇಟ್ ನೇತು ಹಾಕಿದ್ದರೂ ನಮಸ್ಕಾರ ಹೇಳಿ ಬನ್ನಿ.

ನಾನು ನೋಡಿದ ಅತಿ ಒಳ್ಳೆಯ ಕ್ಲಾಸಿನಲ್ಲಿ ಸಂಗೀತವೂ ಇರಲಿಲ್ಲ, ಊದುಬತ್ತಿಯೂ ಇರಲಿಲ್ಲ. ಕುರ್ಚಿಗಳನ್ನೆಲ್ಲ ಗೋಡೆಗೆ ಆನಿಸಿ ಇಟ್ಟಿದ್ದರು, ಕಾಲಿಗೆ ಚಕ್ರ ಇದ್ದು ಜಾರುವಂಥ ಕುರ್ಚಿ ಒಂದೂ ಇರಲಿಲ್ಲ. ಫಿಸಿಯೋ ಹುಡುಗಿ ಬಂದವಳೇ ಮುಖ ನೋಡುವ ಮೊದಲು ಕಾಲು ನೋಡಿದಳು. ಬರೀ ಸಾಕ್ಸ್ ಹಾಕಿದ್ದ ಇಬ್ಬರನ್ನು ಶೂ ಹಾಕಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದಳು. ಆಮೇಲೆ ಪ್ರತಿಯೊಬ್ಬರನ್ನೂ ಬೆಳಗ್ಗೆ ಇನ್ಸುಲಿನ್ ತಗೊಂಡ್ರಾ, ತಿಂಡಿ ಆಯ್ತಾ ಎಂದು ಕೇಳಿದಳು. ಅವಳ ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇತ್ತು.

ಅಂದಹಾಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕುರ್ಚಿಯಲ್ಲಿ ಕೂತವರು ಎದ್ದು, ಮೂರು ಮೀಟರ್ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಮತ್ತೆ ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಮಾಡಿಸುವಾಗ ಪಕ್ಕದಲ್ಲೇ ಒಬ್ಬರು ಇರಿ. ಅಷ್ಟು ಹೊತ್ತು ಹಿಡಿಯುವವರಿಗೆ ಗುಂಪಿನ ಯೋಗಕ್ಕಿಂತ ಮೊದಲು ಡಾಕ್ಟರು, ಆಮೇಲೆ ಫಿಸಿಯೋ.

ಲಾಲ್‌ಬಾಗ್, ಕಬ್ಬನ್ ಪಾರ್ಕಿನ ನಗೆಕೂಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಗುವವರಿಗೆ ಖುಷಿ, ನಾಲ್ಕು ಜನರ ಪರಿಚಯ, ಆಮೇಲೆ ಒಂದು ಬೈಟು ಕಾಫಿ. ಅಷ್ಟು ಸಾಕು. ಅದನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸಬೇಡಿ.

ತಲೆಗೆ: ಸುಡೋಕು ಬೇರೆ, ಕಲಿಕೆ ಬೇರೆ

ಬ್ರೈನ್ ಜಿಮ್, ಮೆಮೊರಿ ಗೇಮ್ ಅಂತ ಏನೇನೋ ಮಾರುತ್ತಾರೆ. ಯಾವುದೇ ಒಂದು ಕ್ಲಾಸು ಮರೆವಿನ ಕಾಯಿಲೆ ಬಾರದಂತೆ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿಯಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುವ, ನಾವು ಬದಲಿಸಿಕೊಳ್ಳಬಹುದಾದ 14 ಅಂಶಗಳ ಪಟ್ಟಿ ಇದೆ. ಕಿವಿ ಮಂದವಾಗುವುದು, ಕಣ್ಣಿನ ದೋಷಕ್ಕೆ ಚಿಕಿತ್ಸೆ ಮಾಡಿಸದಿರುವುದು, ಒಂಟಿತನ, ಮೈ ಬಗ್ಗಿಸದಿರುವುದು, ಬಿಪಿ, ಶುಗರ್ ಎಲ್ಲ ಅದರಲ್ಲಿವೆ. ಫಿನ್‌ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿ-ಶುಗರಿನ ನಿಗಾ ಎಲ್ಲ ಒಟ್ಟಿಗೆ ಇದ್ದವು. ಒಂದು ಆ್ಯಪ್ ಹಾಕಿಕೊಂಡು ಕೂತರೆ ಆಗುವ ಕೆಲಸ ಅಲ್ಲ ಅದು.

ಆದ್ದರಿಂದ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಪ್ಪ ಯಾವ ಕ್ಲಾಸಿಗೂ ಹೋಗುವುದಿಲ್ಲ, ಆಸಕ್ತಿಯೇ ಇಲ್ಲ ಎಂದು ದೂರುವ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಕೇಳಿಸುತ್ತಿರುವುದಿಲ್ಲ, ಅಷ್ಟೇ. ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಗಂಯ್ ಎಂದು ಪ್ರತಿಧ್ವನಿ ಬಂದರೆ ಹಿಯರಿಂಗ್ ಏಡ್ ಹಾಕಿದವರಿಗೆ ಅಲ್ಲಿ ಪಾಠ ಕೇಳುವುದು ಹಿಂಸೆ. ಗ್ರಾನೈಟ್ ನೆಲ, ಗಾಜಿನ ಗೋಡೆಯ ದೊಡ್ಡ ಹಾಲಿಗಿಂತ ಪರದೆ, ಜಮಖಾನ ಇರುವ ಸಣ್ಣ ರೂಮು ಎಷ್ಟೋ ವಾಸಿ.

ಕಲಿಯುವುದೇ ಆದರೆ ಸ್ವಲ್ಪ ಕಷ್ಟ ಇರುವುದನ್ನು ಆರಿಸಿ ಅನ್ನುವುದು ನನ್ನ ಪಕ್ಷಪಾತ. ಹಳೆಯ ಕಾವ್ಯವನ್ನು ರಾಗವಾಗಿ ಓದುವ ಗಮಕ ನೋಡಿ. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡೆ ಹಿಡಿಯಬೇಕು, ಹಳಗನ್ನಡದ ಛಾಯೆಯ ಪದ ಬಿಡಿಸಬೇಕು, ರಾಗ ಹಾಕಬೇಕು, ಉಸಿರು ಎಲ್ಲಿ ತಗೊಳ್ಳಬೇಕು ಗೊತ್ತಿರಬೇಕು. ಕೊನೆಗೆ ನಾಲ್ಕು ಜನರ ಮುಂದೆ ಓದಬೇಕು. ಕಂಠ ಚೆನ್ನಾಗಿಲ್ಲದವರೂ ಅರ್ಥ ಹೇಳುವ ವ್ಯಾಖ್ಯಾನಕ್ಕೆ ಕೂರಬಹುದು. ಸಂಸ್ಕೃತದ ಆಸೆ ಇದ್ದವರಿಗೆ ಸಂಸ್ಕೃತ ಭಾರತಿಯ ಹತ್ತು ದಿನದ ಸಂಭಾಷಣಾ ಶಿಬಿರ ಒಳ್ಳೆಯ ಆರಂಭ. ಅದು 1981ರಲ್ಲಿ ಶುರುವಾದದ್ದೇ ಬೆಂಗಳೂರಿನಲ್ಲಿ. ಪರೀಕ್ಷೆ ಬರೆಯುವ ಹುಮ್ಮಸ್ಸಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಇವೆ. ಡಿಗ್ರಿಯೇ ಬೇಕು ಅನ್ನುವವರಿಗೆ ಇಗ್ನೋದಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೂ ಇದೆ.

ಮಕ್ಕಳ ಕೆಲಸದಿಂದಾಗಿ ಬೇರೆ ರಾಜ್ಯದಿಂದ ಇಲ್ಲಿಗೆ ಬಂದ ಅಪ್ಪ ಅಮ್ಮಂದಿರು ಈ ವಸತಿಗಳಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಎಲ್ಲಕ್ಕಿಂತ ಉಪಯೋಗದ ಕ್ಲಾಸು ಕನ್ನಡ. ಕೊತ್ತಂಬರಿ ಸೊಪ್ಪಿನವರ ಹತ್ತಿರ, ಆಟೋದವರ ಹತ್ತಿರ, ರಾತ್ರಿ ಪಾಳಿಯ ನರ್ಸಮ್ಮನ ಹತ್ತಿರ ಎರಡು ಮಾತು ಆಡಲು ಬಂದರೆ ಸಾಕು, ಊರು ತಮ್ಮದು ಅನ್ನಿಸಲು ಶುರುವಾಗುತ್ತದೆ. ಹೇಳಿಕೊಡಲು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಾಕು. ಇಂಥ ಕ್ಲಾಸು ನಡೆಯುತ್ತಿರುವ ವಸತಿ ನನಗೆ ಕಂಡದ್ದು ಕಡಿಮೆ. ಕೇಳಿದರೆ ತಾನೇ ಶುರು ಮಾಡುವುದು, ಅಲ್ವಾ?

ಮೊಬೈಲ್ ಕ್ಲಾಸಿನ ಬಗ್ಗೆ ಒಂದು ಮಾತು. ಎಮೋಜಿ ಕಳಿಸುವುದು ಮೊಮ್ಮಕ್ಕಳು ಕಲಿಸುತ್ತಾರೆ. ಕ್ಲಾಸಿನಲ್ಲಿ ಕಲಿಯಬೇಕಾದದ್ದು ನವೆಂಬರಿನಲ್ಲಿ ಪೆನ್ಷನ್‌ಗೆ ಬೇಕಾದ ಜೀವನ ಪ್ರಮಾಣ ಪತ್ರವನ್ನು ಮುಖ ತೋರಿಸಿ ಫೋನಿನಲ್ಲೇ ಮಾಡಿಕೊಳ್ಳುವುದು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕರೆ ಬಂದರೆ ಕಟ್ ಮಾಡುವುದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು.

ಒಳಗೋ, ಹೊರಗೋ, ಆನ್‌ಲೈನೋ

ಒಳಗಿನ ಕ್ಲಾಸಿನ ದೊಡ್ಡ ಅನುಕೂಲ ದೂರ ಇಲ್ಲದಿರುವುದು. ಮಳೆ ಬಂದರೂ ತಪ್ಪುವುದಿಲ್ಲ, ಬಾತ್‌ರೂಮು ಹತ್ತಿರ. ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ನುಂಗುವವರಿಗೆ ಇದು ಸಣ್ಣ ವಿಷಯ ಅಲ್ಲ. ತೊಂದರೆ ಏನೆಂದರೆ ಅವೇ ಮುಖ, ಅದೇ ಮಾತು. ಟೀಚರ್ ಬಿಟ್ಟರೆ ಕ್ಲಾಸು ಮುಚ್ಚಿತು. ಹೊರಗಿನವರಿಗೂ ಪ್ರವೇಶ ಕೊಡುವ ವಸತಿಗಳು ಇವೆಯಾ ವಿಚಾರಿಸಿ. ಅಕ್ಕಪಕ್ಕದ ಲೇಔಟಿನಿಂದ ನಾಲ್ಕು ಜನ ಬಂದರೆ ಕ್ಲಾಸಿಗೆ ಜೀವ ಬರುತ್ತದೆ, ಟೀಚರಿಗೂ ಸಂಬಳ ಹುಟ್ಟುತ್ತದೆ. ಅಲ್ಲಿರುವವರೇ ಪಾಠ ಮಾಡುವ ಜಾಗ ಸಿಕ್ಕರೆ ಅದಕ್ಕೆ ಇನ್ನೂ ಹೆಚ್ಚು ಅಂಕ. ನಿವೃತ್ತ ಪ್ರೊಫೆಸರು, ಬ್ಯಾಂಕಿನವರು, ಸೈನ್ಯದವರು ಎಲ್ಲ ಅಲ್ಲೇ ಇರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಹೊರಗಿನದಕ್ಕೆ ಬಂದರೆ, ಬಸವನಗುಡಿ-ಚಾಮರಾಜಪೇಟೆ ಸುತ್ತ ಇರುವಷ್ಟು ಪುಕ್ಕಟೆ ಪಾಠ ಬೇರೆಲ್ಲೂ ಸಿಗುವುದು ಕಷ್ಟ. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ, ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎರಡೂ 1945ರಲ್ಲಿ ಶುರುವಾದವು. ಉಪನ್ಯಾಸ, ಗ್ರಂಥಾಲಯ ಇವತ್ತಿಗೂ ನಡೆಯುತ್ತಿವೆ. ಕೆ.ಆರ್. ರಸ್ತೆಯ ಗಾಯನ ಸಮಾಜ 1905ರದ್ದು. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳಿವೆ. ಕನಕಪುರ ರಸ್ತೆಯ ವಸತಿಯಲ್ಲಿ ಇರುವವರಿಗೆ ಇದೆಲ್ಲ ಕೈಗೆ ಎಟಕುವಂಥದ್ದೇ. ಮೆಟ್ರೊ ಹಸಿರು ಮಾರ್ಗ 2021ರಿಂದ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರೆ ಆಟೋಗೆ ಸ್ವಲ್ಪ ದೂರ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ, ಎಸಿ ಬಸ್ಸು ಮಾತ್ರ ಇಲ್ಲ. ನಮ್ಮತ್ತೆ ಆಧಾರ್ ಕಾರ್ಡನ್ನು ಕನ್ನಡಕದ ಡಬ್ಬದಲ್ಲೇ ಇಟ್ಟುಕೊಂಡಿರುತ್ತಾರೆ.

ದೇವನಹಳ್ಳಿ ಕಡೆ ಇರುವವರಿಗೆ ಈ ಭಾಗ್ಯ ಇಲ್ಲ. ವಿಮಾನ ನಿಲ್ದಾಣದ ಮೆಟ್ರೊ ಕೆಲಸ ಇನ್ನೂ ನಡೆಯುತ್ತಿದೆ. ಗಾಳಿ ಚೆನ್ನಾಗಿದೆ, ಜಾಗ ವಿಶಾಲವಾಗಿದೆ, ಆದರೆ ಊರಿನ ಕಛೇರಿ, ಉಪನ್ಯಾಸಕ್ಕೆ ಬರಬೇಕೆಂದರೆ ಅರ್ಧ ದಿನ ಮತ್ತು ಒಂದು ಕಾರು ಬೇಕು. ಅಲ್ಲಿ ಕೊಳ್ಳುವವರು ಒಳಗಿನ ಕ್ಲಾಸುಗಳನ್ನು ಎರಡು ಪಟ್ಟು ಜೋರಾಗಿ ಪರೀಕ್ಷಿಸಬೇಕು. ವಾರಕ್ಕೊಮ್ಮೆ ವಸತಿಯ ವ್ಯಾನ್ ಊರಿಗೆ ಹೋಗುತ್ತದೆಯಾ, ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ವಾಪಸ್ ಎಂದು ಕೇಳಿ. ಸಂಜೆ ಆರಕ್ಕೆ ಶುರುವಾಗುವ ಉಪನ್ಯಾಸಕ್ಕೆ ಐದಕ್ಕೆ ವಾಪಸ್ ಬರುವ ವ್ಯಾನ್ ಇಟ್ಟುಕೊಂಡು ಏನು ಮಾಡುವುದು?

ಆನ್‌ಲೈನ್ ಕ್ಲಾಸು ಮಂಡಿ ನೋವಿನವರಿಗೆ, ನಿಧಾನಕ್ಕೆ ಕಲಿಯುವವರಿಗೆ ಅನುಕೂಲ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಕೋರ್ಸ್ ಉಚಿತ, ಸರ್ಟಿಫಿಕೇಟಿಗೆ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಇತಿಹಾಸ, ಭಾಷೆ, ತತ್ವಶಾಸ್ತ್ರಕ್ಕೆ ಚೆನ್ನಾಗಿದೆ. ಆದರೆ ಬ್ಯಾಲೆನ್ಸ್ ವ್ಯಾಯಾಮವನ್ನು ಒಬ್ಬರೇ ರೂಮಿನಲ್ಲಿ ಫೋನ್ ನೋಡಿಕೊಂಡು ಮಾಡುವುದು ಬೇಡವೇ ಬೇಡ. ಇನ್ನೊಂದು ಉಪಾಯ ಇದೆ: ಮೂರು ನಾಲ್ಕು ಜನ ಸೇರಿ ಒಂದೇ ಟಿವಿಯಲ್ಲಿ ಪಾಠ ಹಾಕಿಕೊಂಡು ನೋಡುವುದು. ಪಾಠ ಮುಗಿದ ಮೇಲಿನ ಜಗಳದಲ್ಲೇ ಅರ್ಧ ಕಲಿಕೆ.

ನೆನಪಿನ ತೊಂದರೆ ಶುರುವಾದವರ ವಿಷಯ ಬೇರೆ. ಅವರಿಗೆ ಹೊಸ ಭಾಷೆ, ಪರೀಕ್ಷೆ ಬೇಡ. ಗೊತ್ತಿರುವ ದೇವರನಾಮ, ಹೂ ಕಟ್ಟುವುದು, ಗಿಡಕ್ಕೆ ನೀರು, ದಿನವೂ ಅದೇ ಹೊತ್ತಿಗೆ. ದಿನದ ಕೆಲಸಗಳಿಗೆ ಸಹಾಯ ಬೇಕಾದವರ ಅಸಿಸ್ಟೆಡ್ ಲಿವಿಂಗ್ ವಿಭಾಗಕ್ಕೆ ಬೇರೆ ಕ್ಯಾಲೆಂಡರ್ ಇದೆಯಾ ಕೇಳಿ. ಇಲ್ಲ, ಎಲ್ಲರಿಗೂ ಒಂದೇ ಎಂದರೆ ಅವರನ್ನು ಹಿಂದಿನ ಸಾಲಿನಲ್ಲಿ ಸುಮ್ನೆ ಕೂರಿಸುತ್ತಾರೆ ಎಂದೇ ತಿಳಿಯಿರಿ. ನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿ ಕೆಲಸ ಮಾಡುತ್ತಿದೆ, ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗವಿದೆ. ಮೊದಲು ಅಲ್ಲಿ ತೋರಿಸಿ, ಆಮೇಲೆ ಕ್ಲಾಸಿನ ಮಾತು.

ದುಡ್ಡು, ಮತ್ತೆ ಗಂಡಸರು

ಮೇಂಟೆನೆನ್ಸಿನಲ್ಲಿ ಯಾವ ಕ್ಲಾಸು ಸೇರಿದೆ, ಯಾವುದಕ್ಕೆ ಬೇರೆ ಕಟ್ಟಬೇಕು ಎಂದು ಬರೆದೇ ತಗೊಳ್ಳಿ. ಐದು ಜನಕ್ಕಿಂತ ಕಡಿಮೆ ಬಂದರೆ ಕ್ಲಾಸು ರದ್ದಾ? ಟೀಚರಿಗೆ ಸಂಬಳ ಕೊಡುತ್ತಾರಾ, ಅಥವಾ ಸೇವೆ ಅಂತ ಬರುವವರಾ? ಸೇವೆಗೆ ಬರುವವರು ಪ್ರೀತಿಯಿಂದ ಕಲಿಸುತ್ತಾರೆ, ನಿಜ, ಆದರೆ ಅವರ ಮಗಳ ಬಾಣಂತನ ಬಂದರೆ ಆರು ತಿಂಗಳು ಕ್ಲಾಸಿಲ್ಲ. ಡೆಪಾಸಿಟ್ ಕೊಡುವ ಮೊದಲು ಒಂದು ವಾರ ಗೆಸ್ಟ್ ರೂಮಿನಲ್ಲಿ ಇದ್ದು ನೋಡಲು ಬಿಡುತ್ತಾರಾ ಕೇಳಿ. ಆ ವಾರ ಇರಬೇಕಾದವರು ಅಪ್ಪ ಅಮ್ಮ. ಮಕ್ಕಳಿಗೆ ಇಷ್ಟವಾಗುವ ಪೇಂಟಿಂಗ್ ರೂಮು ಅವರಿಗೆ ಬೇಕಾಗಿಲ್ಲದೆ ಇರಬಹುದು.

ಹಾಗೆ ಇದ್ದಾಗ ಗಂಡಸರು ಏನು ಮಾಡುತ್ತಾರೆ ನೋಡಿ. ಹೆಂಗಸರು ಎರಡನೇ ದಿನಕ್ಕೇ ಭಜನೆಗೋ ಹಾಡಿಗೋ ಸೇರಿಕೊಳ್ಳುತ್ತಾರೆ. ಗಂಡಸರು ಲಾಬಿಯಲ್ಲಿ ಪೇಪರ್ ಹಿಡಿದು ಕೂತವರು ಊಟಕ್ಕೇ ಏಳುವುದು. ನಮ್ಮ ಮಾವನೂ ಕ್ಲಾಸು ಎಂದರೆ ಮುಖ ತಿರುಗಿಸುತ್ತಿದ್ದರು. ಅಲ್ಲಿನ ಲೈಬ್ರರಿಯ ಪುಸ್ತಕಗಳಿಗೆ ನಂಬರ್ ಹಾಕಿ ಕಂಪ್ಯೂಟರಿಗೆ ಏರಿಸಬೇಕು, ಯಾರೂ ಸಿಗುತ್ತಿಲ್ಲ ಎಂದು ಮ್ಯಾನೇಜರ್ ಹೇಳಿದ ಮೇಲೆ ಸ್ಪ್ರೆಡ್‌ಶೀಟ್ ಕಲಿಸಿ ಎಂದು ತಾವಾಗಿಯೇ ಕೇಳಿದರು. ಆದ್ದರಿಂದ ಜಾಗ ನೋಡಲು ಹೋದಾಗ, ಇಲ್ಲಿರುವವರಿಗೆ ಜವಾಬ್ದಾರಿಯ ಕೆಲಸ ಏನಾದರೂ ಕೊಡುತ್ತೀರಾ ಅನ್ನುವ ಪ್ರಶ್ನೆಯನ್ನೂ ಕ್ಲಾಸಿನ ಪ್ರಶ್ನೆಗಳ ಜೊತೆ ಸೇರಿಸಿಕೊಳ್ಳಿ. ಲೈಬ್ರರಿ, ಊಟದ ಕಮಿಟಿ, ತೋಟದ ಲೆಕ್ಕ, ಯಾವುದಾದರೂ ಸರಿ.